ಫೋಕಸ್ ಮುಟ್ಟಬೇಡಿ

"ಫೋಕಸ್ ಮುಟ್ಬೇಡಿ. ನಾನು ಇಟ್ಟಿದೀನಿ."

ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಇದು. ಎಪ್ಪತ್ತರ ದಶಕದ ಕೊನೆಯಲ್ಲಿ ಜಯನಗರದ ಒಂದು ವೈದ್ಯಕೀಯ ಸಂಶೋಧನಾ ಕೇಂದ್ರಕ್ಕೆ ಪಿಎಚ್‌ಡಿ ಮಾಡಲು ಸೇರಿದ ದಿನ, ಮೇಜಿನ ಮೇಲೆ ಮೈಕ್ರೋಸ್ಕೋಪು ಕಂಡದ್ದೇ ತಡ, ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ ಬಗ್ಗಿ ಅದರ ತಿರುಪಿಗೆ ಕೈ ಹಾಕಿದ್ದೆ. ಐವತ್ತರ ಹತ್ತಿರದ ಹೆಂಗಸೊಬ್ಬರು ಬಂದು ನನ್ನ ಬೆರಳುಗಳನ್ನು ಪೆನ್ಸಿಲಿನ ತುದಿಯಿಂದ ಪಕ್ಕಕ್ಕೆ ಸರಿಸಿದರು. ನೂಲಿನ ಸೀರೆ, ಅದರ ಮೇಲೆ ಬಿಳಿ ಕೋಟು, ಕೋಟಿನ ತೋಳುಗಳ ಮೇಲೆ ನೇರಳೆ ಬಣ್ಣದ ಕಲೆಗಳು. ಅವರು ಅಲ್ಲಿನ ಟೆಕ್ನಿಷಿಯನ್. ಅವರು ಸ್ಲೈಡ್ ಇಟ್ಟು ಫೋಕಸ್ ಮಾಡಿದ ಮೇಲೆ ಅದನ್ನು ಯಾರೂ ಅಲುಗಿಸುವಂತಿರಲಿಲ್ಲ. ಪ್ರೊಫೆಸರ್ ಕೂಡ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಬಗ್ಗಿ ನೋಡುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರೆಂದು ತಿಳಿಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕೇಂದ್ರದಿಂದ ಹೊರಟ ಅಷ್ಟೂ ಪ್ರಬಂಧಗಳಿಗೆ ಸ್ಲೈಡು ಮಾಡಿಕೊಟ್ಟವರು ಅವರು. ಒಂದರಲ್ಲೂ ಅವರ ಹೆಸರಿಲ್ಲ. ಹಾಕಬೇಕಾದಾಗ ಹಾಕದೆ ಈಗ ಹಾಕಿ ದೊಡ್ಡಸ್ತಿಕೆ ತೋರಿಸಲು ನನಗೆ ನಾಚಿಕೆಯಾಗುತ್ತದೆ.

ಅವರ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇರಲಿಲ್ಲ. ಫ್ಯಾನು ಇತ್ತು, ಹಾಕುವಂತಿರಲಿಲ್ಲ. ಮೇಣದ ಅಚ್ಚಿನಲ್ಲಿ ಹುದುಗಿಸಿದ ಮೂಳೆಯ ಚೂರನ್ನು ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಕಚ್ಚಿಸಿ ಹಿಡಿಕೆ ತಿರುಗಿಸಿದರೆ, ಕೂದಲಿಗಿಂತ ತೆಳ್ಳಗಿನ ಪೊರೆಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಹೊರಬರುತ್ತವೆ. ಯಾರಾದರೂ ಜೋರಾಗಿ ಉಸಿರು ಬಿಟ್ಟರೂ ಹಾರಿಹೋಗುತ್ತವೆ. ಆ ಪೊರೆಗಳನ್ನು ಬಿಸಿನೀರಿನ ತಟ್ಟೆಯಲ್ಲಿ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಳ್ಳಬೇಕು. ಬೇಸಿಗೆಯಲ್ಲಿ ಆ ಕೋಣೆಯಲ್ಲಿ ಹತ್ತು ನಿಮಿಷ ನಿಲ್ಲುವುದು ನನಗೆ ಕಷ್ಟವಾಗುತ್ತಿತ್ತು. ಅವರು ಅಲ್ಲಿ ಇಪ್ಪತ್ತು ವರ್ಷ ಕೂತಿದ್ದರು. ಸೈಲೀನ್ ಎಂಬ ದ್ರಾವಕದ ವಾಸನೆ ಅವರ ಸೀರೆಗೆ ಎಷ್ಟು ಹಿಡಿದಿತ್ತೆಂದರೆ, ಜರಗನಹಳ್ಳಿಯ ಮನೆಯಲ್ಲಿ ಸೀರೆ ಬದಲಿಸದೆ ಅಡುಗೆಮನೆಗೆ ಕಾಲಿಡಲು ಅತ್ತೆ ಬಿಡುತ್ತಿರಲಿಲ್ಲ.

"ಮನೇಲಿ ಹದಿನೇಳು ಜನ ಇದೀವಿ ಕಣಪ್ಪಾ. ನಾನೇನು ಕೆಲ್ಸ ಮಾಡ್ತೀನಿ ಅಂತ ಒಬ್ಬರಿಗೂ ಗೊತ್ತಿಲ್ಲ. ರಕ್ತ ತೆಗೀತೀನಿ ಅಂದ್ಕೊಂಡಿದಾರೆ. ಯಾರಿಗೆ ಜ್ವರ ಬಂದ್ರೂ ನನ್ನ ಮುಂದೆ ಕೈ ಚಾಚ್ತಾರೆ," ಎಂದು ಒಮ್ಮೆ ಹೇಳಿದರು.

ನಾಲ್ಕು ಜನರೆದುರು ನನ್ನನ್ನು 'ಸಾರ್' ಎನ್ನುತ್ತಿದ್ದವರು ತಮ್ಮ ಕೋಣೆಯೊಳಗೆ 'ಕಣಪ್ಪಾ' ಎನ್ನುತ್ತಿದ್ದರು. ನಾನು ಎರಡೂ ಕಡೆ 'ಮೇಡಂ' ಎನ್ನುತ್ತಿದ್ದೆ.

ಅವರ ಇನ್ನೊಂದು ಹಟ ನೀರಿನದು. ಪೊರೆಗೆ ಬಣ್ಣ ಹಾಕಿದಾಗ ಜೀವಕೋಶದೊಳಗಿನ ಕೋಶಕೇಂದ್ರ ಮೊದಲು ಕೆಂಪು ಛಾಯೆಯಲ್ಲಿರುತ್ತದೆ. ನೀರಿನಲ್ಲಿ ತೊಳೆದ ಮೇಲೆ ನೀಲಿಗೆ ತಿರುಗುತ್ತದೆ. ನಲ್ಲಿಯಲ್ಲಿ ಕಾವೇರಿ ನೀರು ಬರತೊಡಗಿದ ಮೇಲೆ ಆ ನೀಲಿ ಸರಿಯಾಗಿ ಏಳುತ್ತಿಲ್ಲ ಎಂಬುದು ಅವರ ದೂರು. ಹಾಗಾಗಿ ಹಿತ್ತಲ ಬಾವಿಯ ಗಡಸು ನೀರನ್ನು ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿಕೊಂಡು ಕನಕಪುರ ರಸ್ತೆಯ ಬಸ್ಸು ಹತ್ತುತ್ತಿದ್ದರು. ಕಂಡಕ್ಟರು ರೇಗಿಸುತ್ತಿದ್ದನಂತೆ: "ಏನಕ್ಕಾ, ಜಯನಗರದೋರಿಗೆಲ್ಲ ಕಾವೇರಿ ಬಂದೈತೆ, ನೀವು ಅಲ್ಲಿಗೇ ನೀರು ಹೊರ್ತೀರಲ್ಲ?" ಅದು ಕುಡಿಯೋಕೆ, ಇದು ಬಣ್ಣಕ್ಕೆ ಎಂದು ಇವರು ಹೇಳಿದ್ದೇ, ಅವನು ಇವರನ್ನು ಬಟ್ಟೆಗೆ ಬಣ್ಣ ಹಾಕುವವರೆಂದು ತಿಳಿದು ಮಾರನೇ ವಾರ ಹೆಂಡತಿಯ ಮಾಸಿದ ಸೀರೆಯೊಂದನ್ನು ಪೊಟ್ಟಣ ಕಟ್ಟಿ ತಂದುಕೊಟ್ಟನಂತೆ.

"ವಾಪಸ್ ಕೊಟ್ರಾ ಮೇಡಂ?"

"ಇಲ್ಲ ಕಣಪ್ಪಾ. ಅಷ್ಟು ನಂಬಿಕೆಯಿಂದ ಕೊಟ್ಟಿದ್ದ. ಮನೇಲೇ ನೀಲಿ ಹಾಕಿ ಕೊಟ್ಟೆ. ಚೆನ್ನಾಗೇ ಬಂತು."

ನನಗೆ ಜೀವಕೋಶ ನೋಡಲು ಕಲಿಸಿದ್ದು ಪ್ರೊಫೆಸರ್ ಎಂದು ನನ್ನ ಪ್ರಬಂಧದ ಮೊದಲ ಪುಟದಲ್ಲಿದೆ. ಕಲಿಸಿದ್ದು ಇವರು. ದೇಹದೊಳಗೆ ಹೊರಗಿನ ವಸ್ತು ಸೇರಿದಾಗ ಅದರ ಸುತ್ತ ಕೆಲವು ದೈತ್ಯ ಕೋಶಗಳು ಹುಟ್ಟುತ್ತವೆ, ಒಂದೊಂದರಲ್ಲೂ ಇಪ್ಪತ್ತು ಮೂವತ್ತು ಕೋಶಕೇಂದ್ರಗಳು. ಅವರ ಭಾಷೆಯಲ್ಲಿ ಅದು ಒಟ್ಟು ಕುಟುಂಬ. "ನೋಡಿಲ್ಲಿ, ಒಂದೇ ಮನೇಲಿ ಇಷ್ಟು ಜನ ಸೇರ್ಕೊಂಡಿದಾರೆ. ಯಾಕೆ? ಬೇಡದೋರು ಒಳಗೆ ಬಂದಿದಾರೆ, ಓಡಿಸ್ಬೇಕು ಅಂತ." ಊದಿಕೊಂಡ ಅಂಗಾಂಶ ಕಂಡರೆ "ಇದು ಮುನಿಸಿಕೊಂಡಿದೆ" ಎನ್ನುತ್ತಿದ್ದರು. ಪುಸ್ತಕದಲ್ಲಿ ಅರ್ಧ ಪುಟ ಓದಿದರೂ ತಲೆಗೆ ಹತ್ತದ್ದು ಈ ಮಾತಿನಲ್ಲಿ ಹತ್ತುತ್ತಿತ್ತು.

ಅವರಿಗೆ ಒಂದೇ ಆಸೆಯಿತ್ತು. ಬನಶಂಕರಿಯ ಒಂದು ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆಯ ಕೆಲಸ. ಮನೆಗೆ ಹತ್ತಿರ. ಅದಕ್ಕಿಂತ ಮುಖ್ಯವಾಗಿ, ಅಲ್ಲಿನ ಲ್ಯಾಬಿಗೆ ಎರಡು ಕಿಟಕಿಗಳಿದ್ದವು. ಅವರು ಹೋಗಿ ನೋಡಿಕೊಂಡು ಬಂದಿದ್ದರು. ಮೂರು ಸಲ ವರ್ಗಾವಣೆಗೆ ಅರ್ಜಿ ಹಾಕಿದರು. ಮೂರು ಸಲವೂ ಪ್ರೊಫೆಸರ್ ಅದರ ಮೇಲೆ 'ಇವರ ಸೇವೆ ಇಲ್ಲಿಗೆ ಅನಿವಾರ್ಯ' ಎಂದು ಬರೆದು ಕಳಿಸಿದರು.

"ಕೈ ಕೆಟ್ಟದಾಗಿದ್ರೆ ಎಂದೋ ಬಿಡ್ತಿದ್ರು. ಬೇಕಂತ ಕೆಟ್ಟದಾಗಿ ಕೊಯ್ಯೋಣ ಅಂತ ಒಂದಿನ ಕೂತೆ. ಕೈ ಕೇಳ್ಲಿಲ್ಲ," ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಹಿಡಿಸದಿದ್ದರೂ ನಾನೂ ನಕ್ಕೆ.

ಪ್ರೊಫೆಸರ್ ಕೆಟ್ಟವರೇನಲ್ಲ. ಗೆಡ್ಡೆಯೋ ಸೋಂಕೋ ತಿಂದು ಟೊಳ್ಳಾದ ಮೂಳೆಗೆ ತುಂಬಲು ಒಂದು ಬಿಲ್ಲೆ ಮಾಡಬೇಕೆಂದು ಅವರು ಹನ್ನೊಂದು ವರ್ಷ ಜೀವ ತೇದಿದ್ದರು. ಸೀಮೆಸುಣ್ಣದಂತೆ ಬೆಳ್ಳಗೆ, ಸೂಜಿಮೊನೆಯಷ್ಟು ಸಣ್ಣ ತೂತುಗಳಿರುವ ಬಿಲ್ಲೆ. ಆ ತೂತುಗಳೊಳಗೆ ರೋಗಿಯದೇ ಹೊಸ ಮೂಳೆ ಬೆಳೆದು ಜಾಗ ತುಂಬಬೇಕು. ಮೊಲಗಳ ತೊಡೆಮೂಳೆಯಲ್ಲಿ ಬಿಲ್ಲೆ ಇಟ್ಟು, ತಿಂಗಳುಗಳ ನಂತರ ಆ ಮೂಳೆಯನ್ನು ಆಮ್ಲದಲ್ಲಿ ಮೆದುಮಾಡಿ ಕೊಯ್ದು ನೋಡುತ್ತಿದ್ದೆವು. ಆಮ್ಲದಲ್ಲಿ ಬಿಲ್ಲೆ ಕರಗಿಹೋಗುವುದರಿಂದ ಸ್ಲೈಡಿನಲ್ಲಿ ಅದಿದ್ದ ಜಾಗ ಖಾಲಿ ಕಾಣುತ್ತದೆ. ಆ ಖಾಲಿಯ ಸುತ್ತ ಸದಾ ಮುನಿಸಿಕೊಂಡ ಕೋಶಗಳು, ಒಟ್ಟು ಕುಟುಂಬಗಳು. ಮೂಳೆ ಮಾತ್ರ ಬರಲಿಲ್ಲ. ಹೋಲಿಕೆಗೆಂದು ಕೆಲವು ಮೊಲಗಳಿಗೆ ಬಿಲ್ಲೆಯ ಬದಲು ಅವುಗಳದೇ ಮೂಳೆಯ ಪುಡಿ ತುಂಬಿದ್ದೆವು. ಅವುಗಳಲ್ಲಿ ಹೊಸ ಮೂಳೆ ಸೊಂಪಾಗಿ ಬರುತ್ತಿತ್ತು.

ಒಂದು ಅಚ್ಚು ಮುಗಿದು ಇನ್ನೊಂದನ್ನು ಹಿಡಿಯುವ ಮುನ್ನ ಮೇಡಂ ಹಳೇ ಪೇಪರಿನ ಪಟ್ಟಿಯೊಂದನ್ನು ತಟ್ಟೆಯ ನೀರಿನ ಮೇಲೆ ಎಳೆಯುತ್ತಿದ್ದರು, ಹಾಲಿನ ಕೆನೆ ತೆಗೆಯುವ ಹಾಗೆ. ಹಿಂದಿನ ಮೂಳೆಯ ಕಣ್ಣಿಗೆ ಕಾಣದ ಚೂರೇನಾದರೂ ತೇಲುತ್ತಿದ್ದರೆ ಅದು ಮುಂದಿನ ಸ್ಲೈಡಿಗೆ ಹತ್ತಿಕೊಳ್ಳಬಾರದಲ್ಲ. ಒಂದು ದಿನ, ಪರ ಊರಿನಿಂದ ಅತಿಥಿಗಳು ಬರುವವರಿದ್ದರು. ಪ್ರೊಫೆಸರ್ ಬೆನ್ನ ಹಿಂದೆಯೇ ನಿಂತು "ಬೇಗ, ಬೇಗಮ್ಮಾ" ಎನ್ನುತ್ತಿದ್ದರು. ಅವತ್ತು ಆ ಪೇಪರ್ ಪಟ್ಟಿ ಎಳೆಯುವುದೊಂದು ತಪ್ಪಿತು. ಇಪ್ಪತ್ತು ವರ್ಷದಲ್ಲಿ ಒಂದು ಸಲ.

ಆ ಸ್ಲೈಡಿನಲ್ಲಿ, ಬಿಲ್ಲೆ ಇದ್ದ ಖಾಲಿ ಜಾಗದ ನಟ್ಟನಡುವೆ, ಎಳೆಯ ಮೂಳೆಯ ದ್ವೀಪವೊಂದು ಕಾಣಿಸಿತು. ಪ್ರೊಫೆಸರ್ ಕಣ್ಣಲ್ಲಿ ನೀರು ಬಂತು. ಎಲ್ಲರಿಗೂ ಮೈಸೂರು ಪಾಕು ಹಂಚಿದರು. ಇವರೂ ತಿಂದರು, ಎರಡು ತುಂಡು ಮನೆಗೂ ಕಟ್ಟಿಕೊಂಡರು. ಆ ಚಿತ್ರ ದೊಡ್ಡದಾಗಿ ಅಚ್ಚಾಗಿ ಗೋಡೆಗೆ ಬಂತು, ಪತ್ರಿಕೆಗೂ ಹೋಯಿತು. ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ನಿಂತದ್ದೇ ಅದರ ಮೇಲೆ.

ನಾಲ್ಕು ದಿನ ಬಿಟ್ಟು ಅದೇ ಅಚ್ಚಿನಿಂದ ಮತ್ತೆ ಕೊಯ್ದಾಗ ಮೂಳೆ ಇರಲಿಲ್ಲ. ಅನುಮಾನ ಬಂದು ಅವರು ಹಳೆಯ ಸ್ಲೈಡನ್ನು ಇಟ್ಟು, ತಾವೇ ಯಾರಿಗೂ ಮುಟ್ಟಗೊಡದ ತಿರುಪನ್ನು ಮೆಲ್ಲಗೆ ತಿರುಗಿಸಿದರು. ಸುತ್ತಲಿನ ಅಂಗಾಂಶ ಮಸುಕಾಯಿತು, ಮೂಳೆ ಮಾತ್ರ ಸ್ಪಷ್ಟವಾಗಿ ನಿಂತಿತು. ಈ ಕಡೆ ತಿರುಗಿಸಿದರೆ ಅಂಗಾಂಶ ಸ್ಪಷ್ಟ, ಮೂಳೆ ಮಸುಕು. ಎರಡೂ ಬೇರೆ ಬೇರೆ ಮಟ್ಟದಲ್ಲಿದ್ದವು. ಅಂದರೆ ಆ ಮೂಳೆ ಅಲ್ಲಿ ಬೆಳೆದದ್ದಲ್ಲ. ಮೂಳೆಪುಡಿ ತುಂಬಿದ್ದ ಬೇರೆ ಮೊಲದ್ದು, ನೀರಿನಲ್ಲಿ ಉಳಿದಿದ್ದ ಚೂರು ಮೇಲೆ ಬಂದು ಕೂತದ್ದು.

ಅವರು ನೇರ ಪ್ರೊಫೆಸರ್ ಬಳಿ ಹೋಗಿ ತಮ್ಮ ತಪ್ಪು ಒಪ್ಪಿಕೊಂಡರು. ಪ್ರೊಫೆಸರ್ ತಲೆಯೆತ್ತಲಿಲ್ಲ. "ನೋಡಮ್ಮಾ, ಕೊಯ್ಯೋದು ನಿಮ್ಮ ಕೆಲಸ, ನೋಡೋದು ನನ್ನ ಕೆಲಸ. ಇನ್ನೂ ಒಳಗೆ ಕೊಯ್ಯಿರಿ, ಸಿಗುತ್ತೆ," ಎಂದರು. ಇವರು ಕೊಯ್ದರು. ವಾರಗಟ್ಟಲೆ ಕೊಯ್ದರು. ಮೂಳೆ ಸಿಗಲಿಲ್ಲ, ಅಚ್ಚು ಮುಗಿದುಹೋಯಿತು. ಮೂಳೆ ಕಾಣದ ಸ್ಲೈಡುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ; ಆ ಮೊಲದ ಸಾಕ್ಷಿಯೆಂದು ಉಳಿದದ್ದು ಆ ಒಂದು ಸ್ಲೈಡು ಮಾತ್ರ.

ಒಂದು ಮಧ್ಯಾಹ್ನ ಇಷ್ಟನ್ನೂ ನನಗೆ ಹೇಳಿದರು. ಅವರ ಕೋಣೆಯಲ್ಲಿ ಟಿಫನ್ ಡಬ್ಬಿ ತೆರೆದು ಕೂತಿದ್ದೆವು. "ನನ್ನ ಮಾತು ಯಾರೂ ಕೇಳಲ್ಲ. ನೀವು ಓದಿದೋರು. ಒಂದ್ಮಾತು ಹೇಳಿ." ನನ್ನ ಫೆಲೋಶಿಪ್ಪಿಗೆ ಉಳಿದದ್ದು ಒಂದೇ ವರ್ಷ. ಪ್ರೊಫೆಸರ್ ಸಹಿ ಇಲ್ಲದೆ ನಾನು ಏನೂ ಅಲ್ಲ. "ನೋಡೋಣ ಮೇಡಂ," ಎಂದೆ. ಕೆಲಸ ಆಗುವುದಿಲ್ಲ ಎನ್ನಲು ನಮ್ಮಲ್ಲಿ ಇದಕ್ಕಿಂತ ಮರ್ಯಾದೆಯ ಮಾತಿಲ್ಲ. ಅವರಿಗೂ ಅದು ಗೊತ್ತಿತ್ತು. ಡಬ್ಬಿ ಮುಚ್ಚಿದರು.

ಬಿಲ್ಲೆಯನ್ನು ಮನುಷ್ಯರಿಗೆ ಹಾಕುವ ಮಾತು ಶುರುವಾಯಿತು. ಮೊದಲ ರೋಗಿಯನ್ನೂ ಗುರುತಿಸಿದರು: ಉತ್ತರಹಳ್ಳಿಯ ಕಡೆಯ ಒಬ್ಬ ಟೈಲರ್ ಹುಡುಗಿ, ಮೊಣಕಾಲಿನ ಕೆಳಗಿನ ಮೂಳೆ ಟೊಳ್ಳಾಗಿತ್ತು. ಎಕ್ಸ್‌ರೇಗೆಂದು ಬಂದವಳು ದಾರಿ ತಪ್ಪಿ ನೆಲಮಾಳಿಗೆಗೆ ಇಳಿದಳು. ಅವತ್ತು ನಾನೂ ಅಲ್ಲಿದ್ದೆ.

"ಅಕ್ಕಾ, ಆ ಬಿಳೀ ಬಿಲ್ಲೆ ಪರೀಕ್ಷೆ ಮಾಡೋರು ನೀವೇ ಅಂತೆ. ಅದನ್ನ ಹಾಕಿದ್ರೆ ನಾನು ಮಷೀನ್ ತುಳೀಬಹುದಾ?"

ಇವರು ಅವಳ ಕೋಲನ್ನು ಗೋಡೆಗೆ ಒರಗಿಸಿ, ತಮ್ಮ ಸ್ಟೂಲಿನ ಮೇಲೆ ಕೂರಿಸಿ, ಬಾವಿಯ ನೀರನ್ನೇ ಲೋಟಕ್ಕೆ ಬಗ್ಗಿಸಿ ಕೊಟ್ಟರು. ಅವಳು ಹೋದ ಮೇಲೆ ನನ್ನ ಮುಖವನ್ನೇ ನೋಡಿದರು. ನಾನು ಗಡಿಯಾರ ನೋಡಿದೆ.

ಅನುಮತಿ ಕೊಡುವ ಸಮಿತಿ ಬಂದ ದಿನ ಮೇಲಿನ ಹಾಲಿನಲ್ಲಿ ಮೈಕ್ರೋಸ್ಕೋಪು ಇಟ್ಟರು. ಸಮಿತಿಯ ಹಿರಿಯರು ಹೆಸರಾಂತ ಮೂಳೆತಜ್ಞರು, ಒಂದು ಕಣ್ಣಿಗೆ ಆಗಷ್ಟೇ ಆಪರೇಷನ್ ಆಗಿತ್ತು. ಪ್ರೊಫೆಸರ್ ಬೀರುವಿನಿಂದ ಆ ಸ್ಲೈಡನ್ನು ತಾವೇ ತೆಗೆದು ತಂದರು. ಇವರು ಅದನ್ನು ಇಟ್ಟು, ಫೋಕಸ್ ಮಾಡಿ, ಪಕ್ಕಕ್ಕೆ ಸರಿದರು. ಹಿರಿಯರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಗ್ಗಿದರು. "ಬ್ಯೂಟಿಫುಲ್," ಎಂದರು. ಪ್ರೊಫೆಸರ್ ಉಸಿರು ಬಿಟ್ಟರು.

"ಸಾರ್," ಎಂದರು ಇವರು. "ಫೋಕಸ್ ಮುಟ್ಟಿ."

ಹಾಲಿನಲ್ಲಿದ್ದ ನಮ್ಮವರಿಗೆಲ್ಲ ಆ ಮಾತಿನ ಅರ್ಥ ಆಯಿತು. ಪ್ರೊಫೆಸರ್ ಮುಖ ಬಿಳಿಚಿಕೊಂಡಿತು. ಏನೂ ತಿಳಿಯದ ಹಿರಿಯರು "ಏನಮ್ಮಾ?" ಎಂದರು.

"ಆ ತಿರುಪು ತಿರುಗಿಸಿ ನೋಡಿ ಸಾರ್. ಆ ಮೂಳೆ ಆ ಜಾಗದ್ದಲ್ಲ. ಬೇರೆ ಕಡೇದು, ಮೇಲೆ ಬಂದು ಕೂತಿದೆ. ನನ್ನಿಂದಾದ ತಪ್ಪು."

ಹಿರಿಯರು ತಿರುಗಿಸಿದರು. ಆಪರೇಷನ್ ಆದ ಕಣ್ಣು ಒರೆಸಿಕೊಂಡು ಮತ್ತೆ ತಿರುಗಿಸಿದರು. "ನನಗೆ ಸರಿಯಾಗಿ ಕಾಣ್ತಿಲ್ಲ. ಏನಪ್ಪಾ, ನೀನು ಚಿಕ್ಕೋನು, ನೋಡಿ ಹೇಳು," ಎಂದು ನನ್ನನ್ನು ಕರೆದರು.

ನಾನು ಬಗ್ಗಿದೆ. ತಿರುಪಿಗೆ ಕೈ ಹಾಕಿದೆ. ಅಂಗಾಂಶ ಮಸುಕಾಗಿ ಮೂಳೆ ಸ್ಪಷ್ಟವಾಯಿತು, ಮೂಳೆ ಮಸುಕಾಗಿ ಅಂಗಾಂಶ ಸ್ಪಷ್ಟವಾಯಿತು. ಇಷ್ಟು ಢಾಳಾಗಿ ಕಾಣುವುದನ್ನು ನಾನು ಅದುವರೆಗೆ ಮೈಕ್ರೋಸ್ಕೋಪಿನಲ್ಲಿ ನೋಡಿರಲಿಲ್ಲ. ಪ್ರೊಫೆಸರ್ ನನ್ನ ಎಡಕ್ಕಿದ್ದರು, ಇವರು ಬಲಕ್ಕೆ.

"ಎರಡೂ ಒಂದೇ ಮಟ್ಟದಲ್ಲಿರೋ ಹಾಗಿದೆ ಸಾರ್," ಎಂದೆ.

ಇವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡರು. ಪುಣ್ಯಕ್ಕೆ ಆ ಹಿರಿಯರು ಅನುಭವಸ್ಥರು. ಮೂಲ ಅಚ್ಚು ಎಲ್ಲಿ ಎಂದು ಕೇಳಿದರು. ಮುಗಿದಿದೆ ಎಂದಾಗ, "ಹಾಗಾದ್ರೆ ಇನ್ನೊಂದ್ಸಲ ಮೊಲಗಳಲ್ಲಿ ಮಾಡಿ. ಅಲ್ಲೀತನಕ ಮನುಷ್ಯರಿಗೆ ಬೇಡ," ಎಂದು ಎದ್ದರು. ಮತ್ತೆ ಮಾಡಿದೆವು. ಒಂದರಲ್ಲೂ ಮೂಳೆ ಬರಲಿಲ್ಲ. ಟೈಲರ್ ಹುಡುಗಿಗೆ ಹಳೆಯ ಪದ್ಧತಿಯಂತೆ ಅವಳದೇ ಸೊಂಟದ ಮೂಳೆ ತೆಗೆದು ತುಂಬಿದರು. ಮುಂದೆ ಅವಳು ಕೋಲಿಲ್ಲದೆ ನಡೆದಳೆಂದು ಕೇಳಿದ್ದೇನೆ. ನಾಲ್ಕನೇ ಅಧ್ಯಾಯ ಕಿತ್ತುಹಾಕಿದ ಮೇಲೂ ನನಗೆ ಪಿಎಚ್‌ಡಿ ಸಿಕ್ಕಿತು. ಅಲ್ಲೇ ಕೆಲಸವೂ ಸಿಕ್ಕಿತು.

ಅವರನ್ನು ಎತ್ತಂಗಡಿ ಮಾಡುತ್ತಾರೆಂದು ಎಲ್ಲರೂ ಅಂದುಕೊಂಡಿದ್ದೆವು. ಪಾಪ, ಅವರೂ ಅದನ್ನೇ ಕಾಯುತ್ತಿದ್ದರೋ ಏನೋ. ನಾಲ್ಕನೇ ಅರ್ಜಿಯನ್ನೂ ಹಾಕಿದರು. ಅದರ ಮೇಲೂ 'ಅನಿವಾರ್ಯ' ಎಂದೇ ಬಂತು. ಪ್ರೊಫೆಸರ್ ಇವರೊಂದಿಗೆ ಮಾತು ಬಿಟ್ಟರು, ಇವರ ಕೈಯನ್ನು ಬಿಡಲಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಕೆಳಗೆ ಕಳಿಸುತ್ತಿದ್ದರು. ಆ ಸ್ಲೈಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಯಮ್ಮನಿಗೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ, ಹುಡುಗನೇ ಹೇಳಿದನಲ್ಲ ಎಂದು ಬಂದವರ ಮುಂದೆಲ್ಲ ಆಡಿದರು. ಆ ಹುಡುಗ ನಾನು. ನಾನು ಆ ಕೋಣೆಗೆ ಇಳಿಯುವುದನ್ನೇ ನಿಲ್ಲಿಸಿದೆ, ನನ್ನ ಕೆಲಸವನ್ನೂ ಚೀಟಿಯಲ್ಲೇ ಕಳಿಸತೊಡಗಿದೆ. ಮೆಟ್ಟಿಲಲ್ಲಿ ಎದುರಾದರೆ ಅವರು "ಊಟ ಆಯ್ತಾ ಸಾರ್?" ಎನ್ನುತ್ತಿದ್ದರು. ಕೈಯಲ್ಲಿ ಅದೇ ನೀರಿನ ಕ್ಯಾನು. ಹೀಗೆ ಆರು ವರ್ಷ. ಆ ಆರು ವರ್ಷಗಳಲ್ಲಿ ಅವರು ಮೂರು ಸಲ ಕನ್ನಡಕ ಬದಲಿಸಿದರು. ವಯಸ್ಸಾಯಿತಲ್ಲ ಎಂದುಕೊಂಡೆ.

ಪ್ರೊಫೆಸರ್ ಇವರಿಗಿಂತ ಕೆಲವು ತಿಂಗಳು ಮೊದಲು ನಿವೃತ್ತರಾದರು. ಬೀರುವಿನ ಬೀಗದ ಕೈ ನನಗೆ ಬಂತು, ಒಳಗೆ ಆ ಸ್ಲೈಡೂ ಇತ್ತು. ಅದನ್ನು ಎರಡು ಮೂರು ಸಲ ಕೈಗೆತ್ತಿಕೊಂಡು ಮತ್ತೆ ಒಳಗಿಟ್ಟೆ. ಇವರ ಕೊನೆಯ ದಿನ, ಹಾರ ಕಾಫಿ ಎಲ್ಲ ಮುಗಿದ ಮೇಲೆ, ಜೇಬಿನಲ್ಲಿಟ್ಟುಕೊಂಡು ಕೆಳಗಿಳಿದೆ. ಅವರು ಮೈಕ್ರೋಟೋಮಿಗೆ ಎಣ್ಣೆ ಬಿಟ್ಟು ಬಟ್ಟೆ ಹೊದಿಸುತ್ತಿದ್ದರು. ಸ್ಲೈಡನ್ನು ಮೇಜಿನ ಮೇಲಿಟ್ಟೆ. ಅವರಿಗೆ ಲೇಬಲ್ ಓದುವ ಅಗತ್ಯ ಬೀಳಲಿಲ್ಲ.

ಅದನ್ನು ಇಟ್ಟು, ಕೂತು, ಬಹಳ ಹೊತ್ತು ನೋಡಿದರು. ಬೆರಳುಗಳು ತಿರುಪಿನ ಮೇಲೆ ಆ ಕಡೆ ಈ ಕಡೆ ಆಡುತ್ತಿದ್ದವು. ಆಮೇಲೆ ಎದ್ದು ಸ್ಟೂಲು ಬಿಟ್ಟುಕೊಟ್ಟರು.

"ನೀವು ನೋಡಿ."

ನೋಡಿದೆ. ತಿರುಗಿಸಿದೆ.

"ಕಾಣ್ಸುತ್ತಾ?"

"ಕಾಣ್ಸುತ್ತೆ ಮೇಡಂ. ಎರಡು ಮಟ್ಟ ಇದೆ."

"ಅವತ್ತು?"

"ಅವತ್ತೂ ಕಾಣ್ಸಿತ್ತು."

ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿ ಎಂದೇ ಬಂದಿದ್ದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಬಿಲ್ಲೆ ಸರಿ ಇಲ್ಲ ಅಂತ ಆಮೇಲೆ ಗೊತ್ತಾಯ್ತು ಬಿಡಿ. ಆದ್ರೆ ಇದರಲ್ಲಿ ನಾನು ಕಂಡಿದ್ದು ನಿಜಾನಾ ಅಂತ... ನೀವು ಓದಿದೋರು, ಚಿಕ್ಕ ವಯಸ್ಸಿನ ಕಣ್ಣು. ನೀವು ಇಲ್ಲ ಅಂದ್ರಲ್ಲ. ನನ್ನ ಕಣ್ಣೇ ಕೆಟ್ಟಿರ್ಬೇಕು ಅಂದ್ಕೊಂಡೆ ಕಣಪ್ಪಾ. ಅವತ್ತಿಂದ ಒಂದೊಂದು ಸ್ಲೈಡನ್ನೂ ಎರಡೆರಡು ಸಲ ನೋಡಿ ಕಳಿಸ್ತಿದ್ದೆ. ನಾಲ್ಕನೇ ಬ್ಲಾಕಿನ ಕನ್ನಡಕದೋನು ಕೂಡ ಬೈದ, ನಿಮ್ಮ ಕಣ್ಣಿಗೇನೂ ಆಗಿಲ್ಲ, ಸುಮ್ನೆ ಯಾಕೆ ಬರ್ತೀರಿ ಅಂತ."

ಅವರು ಕನ್ನಡಕವನ್ನು ಕೋಟಿನ ಜೇಬಿಗೆ ಹಾಕಿ, ಕೋಟನ್ನು ಬಿಚ್ಚಿ ಮೊಳೆಗೆ ತಗುಲಿಸಿದರು. ಕನ್ನಡಕ ಅದರಲ್ಲೇ ಉಳಿಯಿತೆಂದು ಹೇಳಿದೆ.

"ಇರ್ಲಿ ಬಿಡಿ," ಎಂದು ಖಾಲಿ ಕ್ಯಾನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರು.